ಒಂದೇ ಬಿಳಿ ಪುಡಿ, ಮೂರು ಬಾಗಿಲು: ನ್ಯಾನೊ ಕಣಗಳ ಅಪಾಯವನ್ನು ತೂಗುವುದು ಹೇಗೆ?

ಟೈಟಾನಿಯಂ ಡೈಆಕ್ಸೈಡ್ ಅಚ್ಚ ಬಿಳಿ ಪುಡಿ. ಗೋಡೆಯ ಪೇಂಟಿಗೆ ಬಿಳುಪು ಬರುವುದು ಇದರಿಂದಲೇ. ಎಷ್ಟೋ ಟೂತ್‌ಪೇಸ್ಟ್‌ಗಳಲ್ಲಿ, ಚೂಯಿಂಗ್ ಗಮ್‌ಗಳಲ್ಲಿ, ಮಾತ್ರೆಗಳ ಮೇಲಿನ ಲೇಪದಲ್ಲಿ, ಸನ್‌ಸ್ಕ್ರೀನ್‌ನಲ್ಲಿ ಇದು ಇರುತ್ತದೆ. ಪಕ್ಕದ ಕೇರಳದ ಚವರದಲ್ಲಿ ಕಡಲ ತೀರದ ಕಪ್ಪು ಮರಳಿನಿಂದ ಇದನ್ನು ತಯಾರಿಸುವ ದೊಡ್ಡ ಕಾರ್ಖಾನೆಯೇ ಇದೆ.

2022ರಲ್ಲಿ ಯುರೋಪಿಯನ್ ಒಕ್ಕೂಟ ಇದನ್ನು ಆಹಾರದಲ್ಲಿ ಬಳಸಬಾರದು ಎಂದಿತು. ಮಾತ್ರೆಗಳಲ್ಲಿ ಮಾತ್ರ, ಔಷಧದ ಕೊರತೆ ಆಗಬಾರದೆಂದು, ಸದ್ಯಕ್ಕೆ ಇರಲಿ ಎಂದಿತು. ಮೈಗೆ ಹಚ್ಚುವ ಸನ್‌ಸ್ಕ್ರೀನ್‌ನಲ್ಲಿ ಇದರ ನ್ಯಾನೊ ರೂಪಕ್ಕೂ ಅಲ್ಲಿ ಒಪ್ಪಿಗೆ ಇದೆ. ಆದರೆ ಅದೇ ಸನ್‌ಸ್ಕ್ರೀನನ್ನು ಉಸಿರಲ್ಲಿ ಒಳಗೆ ಹೋಗುವಂಥ ಸ್ಪ್ರೇ ಮಾಡಬಾರದು.

ಓದಿದವರಿಗೆ ಇದೆಂಥ ಗೊಂದಲ ಅನ್ನಿಸುತ್ತದೆ. ಒಂದೇ ವಸ್ತು ಒಂದು ಕಡೆ ಬೇಡ, ಇನ್ನೊಂದು ಕಡೆ ಸರಿ ಅಂದರೆ ಯಾವುದನ್ನು ನಂಬುವುದು? ನಿಜಕ್ಕೂ ಇದು ಗೊಂದಲವಲ್ಲ. "ನ್ಯಾನೊ ಕಣ ಅಪಾಯಕಾರಿಯೇ?" ಎಂಬ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂಬ ಒಂದೇ ಉತ್ತರ ಇರಲಾರದು. ಯಾವ ಕಣ, ಯಾವ ಆಕಾರ, ದೇಹಕ್ಕೆ ಯಾವ ಬಾಗಿಲಿನಿಂದ ಬರುತ್ತದೆ, ಎಷ್ಟು ಬರುತ್ತದೆ, ಬಂದಮೇಲೆ ಎಷ್ಟು ಕಾಲ ಉಳಿಯುತ್ತದೆ, ಇಷ್ಟನ್ನೂ ಕೇಳದೆ ಕೊಡುವ ಉತ್ತರಕ್ಕೆ ಬೆಲೆಯಿಲ್ಲ.

ಸಣ್ಣದಾದರೆ ಏನು ಬದಲಾಗುತ್ತದೆ?

ಒಂದು ಮೀಟರನ್ನು ನೂರು ಕೋಟಿ ಭಾಗ ಮಾಡಿದರೆ ಅದರಲ್ಲೊಂದು ಭಾಗ ಒಂದು ನ್ಯಾನೊಮೀಟರ್. ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೊಮೀಟರ್ ಇರುತ್ತದೆ. 1ರಿಂದ 100 ನ್ಯಾನೊಮೀಟರ್ ಒಳಗಿನ ಅಳತೆಯ ಕಣಗಳನ್ನು ಸಾಮಾನ್ಯವಾಗಿ ನ್ಯಾನೊ ಕಣ ಎನ್ನುತ್ತಾರೆ. ಬೇಕೆಂದೇ, ಒಂದು ಕೆಲಸಕ್ಕಾಗಿ ತಯಾರಿಸಿದ ಕಣಗಳ ಬಗ್ಗೆ ಇಲ್ಲಿ ಮಾತು. ಯಾರೂ ಬೇಕೆಂದು ಮಾಡದೆ ಹುಟ್ಟುವ ನ್ಯಾನೊ ಕಣಗಳೂ ಬೇಕಾದಷ್ಟಿವೆ. ಡೀಸೆಲ್ ಹೊಗೆ, ಊದುಬತ್ತಿಯ ಹೊಗೆ, ಕಾದ ಎಣ್ಣೆಯ ಹೊಗೆ ಎಲ್ಲದರಲ್ಲೂ ಅವು ತುಂಬಿರುತ್ತವೆ. ಈ ಮಾತು ಮುಂದೆ ಬೇಕಾಗುತ್ತದೆ.

ಒಂದು ಸೆಂಟಿಮೀಟರ್ ಉದ್ದ, ಅಗಲ, ಎತ್ತರದ ಒಂದು ಘನವನ್ನು ತೆಗೆದುಕೊಳ್ಳಿ. ಅದರ ಆರು ಮುಖ ಸೇರಿ 6 ಚದರ ಸೆಂಟಿಮೀಟರ್. ಅದನ್ನೇ ಒಂದೊಂದು ನ್ಯಾನೊಮೀಟರಿನ ಘನಗಳಾಗಿ ಕತ್ತರಿಸಿದರೆ ಮೇಲ್ಮೈ ಒಟ್ಟು 6,000 ಚದರ ಮೀಟರ್ ಆಗುತ್ತದೆ, ಅಂದರೆ ಸುಮಾರು ಒಂದೂವರೆ ಎಕರೆ. ತೂಕ ಅಷ್ಟೇ ಇದೆ, ವಸ್ತುವೂ ಅದೇ. ಆದರೆ ರಾಸಾಯನಿಕ ಕ್ರಿಯೆ ನಡೆಯುವುದು ಮೇಲ್ಮೈಯಲ್ಲಿ. ಜೀವಕೋಶಕ್ಕೆ ತಾಗುವುದೂ ಮೇಲ್ಮೈಯೇ. ಹಾಗಾಗಿ ದೊಡ್ಡ ಕಣವಾಗಿದ್ದಾಗ ಸುಮ್ನೆ ಇದ್ದ ವಸ್ತು, ಸಣ್ಣದಾದಾಗಲೂ ಸುಮ್ನೆ ಇರುತ್ತದೆ ಎನ್ನುವ ಖಾತ್ರಿ ಇಲ್ಲ. ಇಡೀ ಒಣಮೆಣಸಿನಕಾಯಿಯನ್ನು ಕೈಯಲ್ಲಿ ಹಿಡಿದರೆ ಏನೂ ಆಗುವುದಿಲ್ಲ, ಅದನ್ನೇ ಕುಟ್ಟುವಾಗ ಮನೆಮಂದಿಯೆಲ್ಲ ಸೀನುತ್ತಾರೆ, ಅಲ್ವಾ? ವಸ್ತು ಬದಲಾಗಲಿಲ್ಲ. ರೂಪ ಬದಲಾಯಿತು, ಒಳಗೆ ಬರುವ ದಾರಿ ಬದಲಾಯಿತು.

ಒಂದು ವಸ್ತುವಿಗೆ ಕೆಡುಕು ಮಾಡುವ ಗುಣ ಇರುವುದು ಬೇರೆ, ಅದರಿಂದ ನಮಗೆ ಅಪಾಯ ಇರುವುದು ಬೇರೆ. ಆ ಗುಣದ ಜೊತೆಗೆ ವಸ್ತು ನಮ್ಮ ಮೈಗೆ ತಲುಪುವ ಪ್ರಮಾಣವೂ ಸೇರಿದಾಗಲೇ ಅಪಾಯ. ಟೆನಿಸ್ ರಾಕೆಟ್ಟಿನ ಗಟ್ಟಿ ರಾಳದೊಳಗೆ ಸಿಕ್ಕಿಕೊಂಡಿರುವ ಕಾರ್ಬನ್ ನ್ಯಾನೊಟ್ಯೂಬ್ (ಇಂಗಾಲದ ಅತಿ ಸಣ್ಣ ಕೊಳವೆ) ಆಡುವವರಿಗೆ ತಗಲುವುದಿಲ್ಲ. ಅದೇ ವಸ್ತುವನ್ನು ಚೀಲದಿಂದ ಸುರಿಯುವ, ಅದರಿಂದ ಮಾಡಿದ ಹಲಗೆಯನ್ನು ಉಜ್ಜಿ ನಯಮಾಡುವ ಕೆಲಸಗಾರರ ಕಥೆ ಬೇರೆ.

ಹೆಸರು ನೋಡಿ ಹೆದರುವುದೂ ಕೆಲಸಕ್ಕೆ ಬರುವುದಿಲ್ಲ. 2006ರ ಮಾರ್ಚ್‌ನಲ್ಲಿ ಜರ್ಮನಿಯಲ್ಲಿ 'ಮ್ಯಾಜಿಕ್ ನ್ಯಾನೊ' ಎಂಬ ಸ್ಪ್ರೇ ಮಾರುಕಟ್ಟೆಗೆ ಬಂತು. ಬಚ್ಚಲುಮನೆಯ ಗಾಜು, ಟೈಲ್‌ಗಳಿಗೆ ಹೊಡೆಯುವಂಥದ್ದು. ಕೆಲವೇ ದಿನಗಳಲ್ಲಿ ನೂರರ ಹತ್ತಿರ ಜನಕ್ಕೆ ಕೆಮ್ಮು, ಏದುಸಿರು ಬಂತು. ಕೆಲವರ ಶ್ವಾಸಕೋಶದಲ್ಲಿ ನೀರು ತುಂಬಿ ಆಸ್ಪತ್ರೆ ಸೇರಿದರು. ಸ್ಪ್ರೇಯನ್ನು ವಾಪಸ್ ಪಡೆದರು. ಆಮೇಲೆ ಪರೀಕ್ಷಿಸಿ ನೋಡಿದರೆ ಅದರಲ್ಲಿ ನ್ಯಾನೊ ಕಣಗಳೇ ಇರಲಿಲ್ಲ! ಕೈಯಿಂದ ಒತ್ತುವ ಪಂಪಿನ ಬಾಟಲಿಯಲ್ಲಿದ್ದಾಗ ತೊಂದರೆ ಕೊಡದಿದ್ದ ಸರಕು, ಒತ್ತಡದ ಡಬ್ಬಿಗೆ ಬಂದಾಗ ಜನರನ್ನು ಆಸ್ಪತ್ರೆಗೆ ಕಳಿಸಿತ್ತು. ಹೆಸರಲ್ಲಿ ನ್ಯಾನೊ ಇದ್ದುದು ನಿಮಿತ್ತ ಮಾತ್ರ, ಜನ ಮಲಗಿದ್ದು ಶ್ವಾಸಕೋಶದ ಆಳಕ್ಕೆ ಹೋಗುವಂಥ ತುಂತುರಿನಿಂದ.

ಮೊದಲ ಬಾಗಿಲು: ಉಸಿರು

ವಿಜ್ಞಾನಿಗಳಿಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ ಇರುವುದು ಈ ಬಾಗಿಲಿನ ಬಗ್ಗೆ. ಉಸಿರಿನಲ್ಲಿ ಬಂದ ದೊಡ್ಡ ಧೂಳು ಮೂಗು, ಗಂಟಲಲ್ಲೇ ನಿಲ್ಲುತ್ತದೆ. 20 ನ್ಯಾನೊಮೀಟರ್ ಆಸುಪಾಸಿನ ಕಣಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಶ್ವಾಸಕೋಶದ ತೀರ ಒಳಗಿನ ಗಾಳಿಚೀಲಗಳಲ್ಲಿ ಹೋಗಿ ಕೂರುತ್ತವೆ. ಅಲ್ಲಿ ಕಸ ಗುಡಿಸುವ ಕೆಲಸ ಮ್ಯಾಕ್ರೊಫೇಜ್ ಎಂಬ ಜೀವಕೋಶಗಳದು. ಅವು ಕಣವನ್ನು ನುಂಗಿ ನಿಧಾನಕ್ಕೆ ಮೇಲಕ್ಕೆ ಸಾಗಿಸುತ್ತವೆ. ಕಣಗಳು ಕರಗದ ಜಾತಿಯವಾಗಿದ್ದು, ಬರುವುದೂ ಜಾಸ್ತಿಯಾದರೆ ಮ್ಯಾಕ್ರೊಫೇಜ್‌ಗಳು ಸೋಲುತ್ತವೆ. ಕಣಗಳು ಅಲ್ಲೇ ಉಳಿಯುತ್ತವೆ, ಉರಿಯೂತ ಶುರುವಾಗುತ್ತದೆ, ವರ್ಷಗಟ್ಟಲೆ ಮುಂದುವರಿದರೆ ಅಂಗಾಂಶ ಕೆಡುತ್ತದೆ.

ಟೈಟಾನಿಯಂ ಡೈಆಕ್ಸೈಡ್ ಬಗ್ಗೆ ಇಲಿಗಳ ಮೇಲೆ ನಡೆದ ಎರಡು ಪ್ರಯೋಗಗಳು ಈ ಚರ್ಚೆಯ ಬೆನ್ನೆಲುಬು. 1985ರಲ್ಲಿ ಪ್ರಕಟವಾದ ಮೊದಲನೆಯದರಲ್ಲಿ ನ್ಯಾನೊಗಿಂತ ದೊಡ್ಡ, ಮಾಮೂಲಿ ಬಣ್ಣದ ಪುಡಿಯನ್ನು ಗಾಳಿಯಲ್ಲಿ ಬೆರೆಸಿ ಎರಡು ವರ್ಷ ಉಸಿರಾಡಿಸಿದರು. ಘನ ಮೀಟರ್ ಗಾಳಿಗೆ 250 ಮಿಲಿಗ್ರಾಂ ಇದ್ದಾಗ ಶ್ವಾಸಕೋಶದಲ್ಲಿ ಗೆಡ್ಡೆಗಳು ಕಂಡವು. 1995ರಲ್ಲಿ ಪ್ರಕಟವಾದ ಎರಡನೆಯದರಲ್ಲಿ ಬಳಸಿದ್ದು ನ್ಯಾನೊ ಅಳತೆಯ ಪುಡಿ. ಈ ಸಲ ಸುಮಾರು 10 ಮಿಲಿಗ್ರಾಂಗೇ ಗೆಡ್ಡೆಗಳು ಬಂದವು. ತೂಕದ ಲೆಕ್ಕದಲ್ಲಿ ನೋಡಿದರೆ ಇವೆರಡು ಬೇರೆ ಬೇರೆ ವಿಷಗಳು ಎನ್ನಬೇಕು. ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದ ಗ್ಯುಂಟರ್ ಓಬರ್‌ಡೋರ್ಸ್ಟರ್ ತಂಡ 1990ರ ದಶಕದಲ್ಲಿ ಎರಡು ಅಳತೆಯ ಟೈಟಾನಿಯಂ ಕಣಗಳನ್ನು ಇಲಿಗಳ ಶ್ವಾಸಕೋಶದಲ್ಲಿ ಹೋಲಿಸಿ ನೋಡಿತು. ಪ್ರಮಾಣವನ್ನು ಮಿಲಿಗ್ರಾಂನಲ್ಲಿ ಬರೆಯುವುದು ಬಿಟ್ಟು ಕಣಗಳ ಒಟ್ಟು ಮೇಲ್ಮೈಯಲ್ಲಿ ಬರೆದಾಗ, ಚೆಲ್ಲಾಪಿಲ್ಲಿಯಾಗಿದ್ದ ಫಲಿತಾಂಶಗಳು ಹೆಚ್ಚುಕಡಿಮೆ ಒಂದೇ ಗೆರೆಯ ಮೇಲೆ ಬಂದವು. ನನ್ನ ಪ್ರಕಾರ ಈ ಇಡೀ ವಿಷಯದಲ್ಲಿ ಇದಕ್ಕಿಂತ ಸುಂದರವಾದ ಕಾಣ್ಕೆ ಇನ್ನೊಂದಿಲ್ಲ. ನೂರಾರು ವರ್ಷ ವಿಷವನ್ನು ತಕ್ಕಡಿಯಲ್ಲಿ ಅಳೆದುಕೊಂಡು ಬಂದೆವು. ಇಲ್ಲಿ ತಕ್ಕಡಿಯೊಂದೇ ಸಾಲದು.

ಈ ತಿಳಿವಳಿಕೆ ನಿಯಮಕ್ಕೂ ಇಳಿಯಿತು. ಅಮೆರಿಕದಲ್ಲಿ ಕೆಲಸಗಾರರ ಆರೋಗ್ಯದ ಸಂಶೋಧನೆ ಮಾಡುವ ಸರ್ಕಾರಿ ಸಂಸ್ಥೆ ನಿಯಾಶ್ 2011ರಲ್ಲಿ ಮಾಮೂಲಿ ಟೈಟಾನಿಯಂ ಡೈಆಕ್ಸೈಡ್ ಧೂಳಿಗೆ ಘನ ಮೀಟರಿಗೆ 2.4 ಮಿಲಿಗ್ರಾಂ, ನ್ಯಾನೊ ಅಳತೆಯದಕ್ಕೆ 0.3 ಮಿಲಿಗ್ರಾಂ ಮಿತಿ ಇರಲಿ ಎಂದು ಶಿಫಾರಸು ಮಾಡಿತು. ರಾಸಾಯನಿಕ ಸೂತ್ರ ಒಂದೇ, ಮಿತಿ ಎಂಟು ಪಟ್ಟು ಬಿಗಿ.

ಆದರೆ ಇಲಿಯ ಶ್ವಾಸಕೋಶ ಮನುಷ್ಯನದಲ್ಲ. ಸುಂಡಿಲಿಗಳಲ್ಲಿ, ಹ್ಯಾಮ್‌ಸ್ಟರ್‌ಗಳಲ್ಲಿ ಈ ಗೆಡ್ಡೆಗಳು ಕಾಣಲಿಲ್ಲ. ಧೂಳು ತುಂಬಿಹೋದಾಗ ಇಲಿಗಳೇ ಜಾಸ್ತಿ ಕೆಡುತ್ತವೆ. ಹಾಗಾದರೆ ಇಲಿಯ ಫಲಿತಾಂಶವನ್ನು ಮನುಷ್ಯನಿಗೆ ಎಷ್ಟರಮಟ್ಟಿಗೆ ಅನ್ವಯಿಸಬಹುದು? ಈ ಜಗಳ ನ್ಯಾಯಾಲಯದವರೆಗೂ ಹೋಗಿದೆ. ಟೈಟಾನಿಯಂ ಡೈಆಕ್ಸೈಡಿನ ಪುಡಿ ಉಸಿರಲ್ಲಿ ಹೋದರೆ ಕ್ಯಾನ್ಸರ್ ತರಬಹುದೆಂಬ ಶಂಕೆಯಿದೆ ಎಂದು ಯುರೋಪಿಯನ್ ಒಕ್ಕೂಟ 2020ರಲ್ಲಿ ನಿಯಮ ಪ್ರಕಟಿಸಿತು. ತಯಾರಕರು ಕೋರ್ಟಿಗೆ ಹೋದರು. 2022ರ ನವೆಂಬರಿನಲ್ಲಿ ಅಲ್ಲಿನ ಜನರಲ್ ಕೋರ್ಟ್ ಆ ವರ್ಗೀಕರಣವನ್ನು ರದ್ದು ಮಾಡಿತು. ಕಾರಣ ಕೇಳಿದರೆ ಆಶ್ಚರ್ಯವಾಗುತ್ತದೆ: ಸಾಂದ್ರತೆಯ ಲೆಕ್ಕ! ನ್ಯಾನೊ ಕಣಗಳು ಬಿಡಿಬಿಡಿಯಾಗಿ ಇರುವುದಿಲ್ಲ, ಗುಂಪುಕಟ್ಟಿಕೊಳ್ಳುತ್ತವೆ. ಗುಂಪಿನ ಮಧ್ಯೆ ಖಾಲಿ ಜಾಗ ಇರುವುದರಿಂದ ಅದರ ಸಾಂದ್ರತೆ ಕಡಿಮೆ, ಅದು ಶ್ವಾಸಕೋಶದಲ್ಲಿ ಹಿಡಿಯುವ ಜಾಗ ಜಾಸ್ತಿ. ಈ ವರ್ಗೀಕರಣಕ್ಕೆ ಸಲಹೆ ಕೊಟ್ಟಿದ್ದ ತಜ್ಞರ ಸಮಿತಿ ಬಿಡಿ ಕಣದ ಸಾಂದ್ರತೆ ಹಿಡಿದು ಲೆಕ್ಕ ಹಾಕಿದ್ದರಿಂದ, ಪ್ರಯೋಗದ ಇಲಿಗಳ ಶ್ವಾಸಕೋಶ ಎಷ್ಟು ತುಂಬಿಹೋಗಿತ್ತು ಎನ್ನುವುದನ್ನು ಕಡಿಮೆ ಅಂದಾಜು ಮಾಡಿದಂತಾಯಿತು ಎಂದು ಕೋರ್ಟ್ ಹೇಳಿತು. 2025ರಲ್ಲಿ ಮೇಲಿನ ಕೋರ್ಟ್ ಕೂಡ ಈ ರದ್ದತಿಯನ್ನು ಎತ್ತಿಹಿಡಿಯಿತು. ಪುಡಿ ನಿರಪಾಯಕಾರಿ ಎಂದು ಕೋರ್ಟ್ ಹೇಳಿಲ್ಲ, ಈ ಲೆಕ್ಕ ನಿಲ್ಲುವುದಿಲ್ಲ ಎಂದಿದೆ, ಅಷ್ಟೇ. ಇದನ್ನು ಗೆಲುವು ಎಂದು ಕೊಂಡಾಡುವವರು ಈ ವ್ಯತ್ಯಾಸವನ್ನು ಗಮನಿಸಬೇಕು.

ಉಸಿರಿನ ಬಾಗಿಲಲ್ಲಿ ಆಕಾರದ ಮಾತೂ ದೊಡ್ಡದು. ಆಸ್ಬೆಸ್ಟಾಸ್ ಎಳೆಗಳು ಕೊಲ್ಲುವುದು ಅವು ಉದ್ದ, ತೆಳು, ಗಟ್ಟಿ ಆಗಿರುವುದರಿಂದ. ಮ್ಯಾಕ್ರೊಫೇಜ್ ಅದನ್ನು ಪೂರ್ತಿ ನುಂಗಲಾರದೆ ಅರ್ಧಕ್ಕೆ ಸಿಕ್ಕಿಹಾಕಿಕೊಳ್ಳುತ್ತದೆ. ಕಾರ್ಬನ್ ನ್ಯಾನೊಟ್ಯೂಬ್‌ಗಳಲ್ಲೂ ಕೆಲವು ಇದೇ ಆಕಾರದವು. 2008ರಲ್ಲಿ ಎಡಿನ್‌ಬರೋದ ಕೆನ್ ಡೊನಾಲ್ಡ್‌ಸನ್ ಮತ್ತು ಜೊತೆಗಾರರು ಇವನ್ನು ಸುಂಡಿಲಿಗಳ ಹೊಟ್ಟೆಯ ಪೊರೆಯೊಳಗೆ ಚುಚ್ಚಿ ನೋಡಿದರು. ಉದ್ದನೆಯವು ಆಸ್ಬೆಸ್ಟಾಸ್‌ನಂತೆಯೇ ಉರಿಯೂತ ತಂದವು. ಗಿಡ್ಡ ಮತ್ತು ಸಿಕ್ಕುಸಿಕ್ಕಾಗಿ ಸುತ್ತಿಕೊಂಡವು ಹಾಗೆ ಮಾಡಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2014ರಲ್ಲಿ ಎಂಡಬ್ಲ್ಯುಸಿಎನ್‌ಟಿ-7 ಎಂಬ ಒಂದು ನಿರ್ದಿಷ್ಟ ಜಾತಿಯನ್ನು ಮಾತ್ರ 'ಮನುಷ್ಯರಿಗೆ ಕ್ಯಾನ್ಸರ್ ತರಬಹುದಾದದ್ದು' ಎಂಬ ಪಟ್ಟಿಗೆ ಸೇರಿಸಿತು. ಉಳಿದ ನ್ಯಾನೊಟ್ಯೂಬ್‌ಗಳ ಬಗ್ಗೆ ತೀರ್ಮಾನಿಸಲು ಪುರಾವೆ ಸಾಲದು ಎಂದಿತು. ಚುಚ್ಚಿದ್ದಕ್ಕೂ ಉಸಿರಾಡಿದ್ದಕ್ಕೂ ವ್ಯತ್ಯಾಸವಿದೆ ಎನ್ನುತ್ತಿದ್ದವರಿಗೆ 2016ರಲ್ಲಿ ಜಪಾನಿನಿಂದ ಉತ್ತರ ಬಂತು: ಅದೇ ಜಾತಿಯನ್ನು ಎರಡು ವರ್ಷ ಉಸಿರಾಡಿದ ಇಲಿಗಳಿಗೆ ಶ್ವಾಸಕೋಶದ ಕ್ಯಾನ್ಸರ್ ಬಂದಿತ್ತು. ನ್ಯಾನೊಟ್ಯೂಬ್‌ಗೆ ನಿಯಾಶ್ 2013ರಲ್ಲಿ ಹೇಳಿದ ಮಿತಿ ಘನ ಮೀಟರಿಗೆ ಒಂದೇ ಒಂದು ಮೈಕ್ರೊಗ್ರಾಂ. ಟೈಟಾನಿಯಂನ 0.3 ಮಿಲಿಗ್ರಾಂ ಪಕ್ಕ ಇಟ್ಟು ನೋಡಿದರೆ ಮುನ್ನೂರು ಪಟ್ಟು ಬಿಗಿ. ಎರಡೂ ನ್ಯಾನೊ!

ಶ್ವಾಸಕೋಶಕ್ಕೆ ಹೋದದ್ದು ಅಲ್ಲೇ ಉಳಿಯುತ್ತದೆಯೇ? 2017ರಲ್ಲಿ ಎಡಿನ್‌ಬರೋದಲ್ಲೇ ಆರೋಗ್ಯವಂತ ಸ್ವಯಂಸೇವಕರಿಗೆ ಚಿನ್ನದ ನ್ಯಾನೊ ಕಣಗಳನ್ನು ಉಸಿರಾಡಿಸಿದರು. ಚಿನ್ನವನ್ನೇ ಆರಿಸಿದ್ದು, ಅದು ತಾನಾಗಿ ಏನೂ ಮಾಡದ ಲೋಹ, ದೇಹದಲ್ಲಿ ಹುಡುಕುವುದೂ ಸುಲಭ ಎಂಬ ಕಾರಣಕ್ಕೆ. ಅದು ಅವರ ರಕ್ತದಲ್ಲಿ, ಮೂತ್ರದಲ್ಲಿ ಕಂಡಿತು. ಮೂರು ತಿಂಗಳಾದ ಮೇಲೂ ಸಿಕ್ಕಿತು. ಕಣ ಸಣ್ಣದಾದಷ್ಟೂ ದಾಟಿದ್ದು ಜಾಸ್ತಿ.

ಎರಡನೆಯ ಬಾಗಿಲು: ಬಾಯಿ

ಆಹಾರದಲ್ಲಿ ಹಾಕುವ ಟೈಟಾನಿಯಂ ಡೈಆಕ್ಸೈಡಿಗೆ ಯುರೋಪಿನಲ್ಲಿ ಇ171 ಎಂಬ ಸಂಖ್ಯೆ. ನಮ್ಮಲ್ಲಿ ಪೊಟ್ಟಣದ ಮೇಲೆ 171 ಎಂದು ಕಾಣಬಹುದು. ಇದನ್ನು ನ್ಯಾನೊ ಆಗಲಿ ಎಂದು ಮಾಡಿರುವುದಿಲ್ಲ. ಬಿಳುಪು ಚೆನ್ನಾಗಿ ಕಾಣುವುದು ಇನ್ನೂರು ಮುನ್ನೂರು ನ್ಯಾನೊಮೀಟರಿನ ಕಣಗಳಿಂದ. ಆದರೆ ಪುಡಿಯಲ್ಲಿ ಒಂದಷ್ಟು ಪಾಲು ನೂರಕ್ಕಿಂತ ಸಣ್ಣದು ಇದ್ದೇ ಇರುತ್ತದೆ.

2017ರಲ್ಲಿ ಫ್ರಾನ್ಸಿನ ಕೃಷಿ ಸಂಶೋಧನಾ ಸಂಸ್ಥೆಯವರು ಇಲಿಗಳಿಗೆ ನೂರು ದಿನ ಇದನ್ನು ಕುಡಿಸಿದಾಗ ಕೆಲವದರ ದೊಡ್ಡ ಕರುಳಿನಲ್ಲಿ ಕ್ಯಾನ್ಸರಿಗೆ ಮುಂಚಿನ ಹಂತದ ಬದಲಾವಣೆಗಳು ಕಂಡವು. ಫ್ರಾನ್ಸ್ 2020ರಿಂದ ಆಹಾರದಲ್ಲಿ ನಿಲ್ಲಿಸಿತು. 2021ರ ಮೇನಲ್ಲಿ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ತನ್ನ ತೀರ್ಪು ಕೊಟ್ಟಿತು: ತಿಂದದ್ದರಲ್ಲಿ ಕರುಳು ಹೀರುವುದು ತೀರ ಕಡಿಮೆ, ಆದರೆ ಹೀರಿದ್ದು ದೇಹದಲ್ಲಿ ಕೂಡಿಕೊಳ್ಳಬಹುದು. ಡಿಎನ್‌ಎಗೆ ಪೆಟ್ಟು ಬೀಳುವ ಸಾಧ್ಯತೆಯನ್ನು ತಳ್ಳಿಹಾಕಲಾಗದು. ಹಾಗಾಗಿ 'ಇಷ್ಟು ತಿಂದರೆ ಪರವಾಗಿಲ್ಲ' ಎಂಬ ಮಿತಿ ಹೇಳಲಾರೆವು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಕೃಷಿ ಸಂಸ್ಥೆಯ ಜಂಟಿ ತಜ್ಞ ಸಮಿತಿ ಇದೇ ವಿಷಯವನ್ನು ತೂಗಿ, ಹೀರುವುದು ಅಷ್ಟು ಕಡಿಮೆ ಇರುವಾಗ ದಿನದ ಮಿತಿ ಹಾಕುವ ಅಗತ್ಯವೇ ಇಲ್ಲ ಎಂದಿತು.

ಪುರಾವೆ ಹೆಚ್ಚುಕಡಿಮೆ ಒಂದೇ, ತೀರ್ಮಾನ ಎರಡು. ಯಾರೂ ಸುಳ್ಳು ಹೇಳುತ್ತಿಲ್ಲ. ಅಪಾಯ ಇದೆ ಎಂದು ತೋರಿಸಬೇಕೋ, ಇಲ್ಲ ಎಂದು ತೋರಿಸಬೇಕೋ ಎಂಬಲ್ಲಿ ದಾರಿ ಕವಲಾಗಿದೆ. ನನಗಂತೂ ಯುರೋಪಿನ ನಿಲುವೇ ಸರಿ ಅನ್ನಿಸುತ್ತದೆ. ಔಷಧವಾದರೆ ಲಾಭ ನಷ್ಟ ತೂಗಬಹುದು. ಚೂಯಿಂಗ್ ಗಮ್ ಇನ್ನಷ್ಟು ಬೆಳ್ಳಗೆ ಕಾಣಲಿ ಎಂದು ಮಕ್ಕಳು ಅನುಮಾನದ ಕಣವನ್ನು ಯಾಕೆ ನುಂಗಬೇಕು? ಭಾರತದಲ್ಲಿ, ಅಮೆರಿಕದಲ್ಲಿ ಇದರ ಬಳಕೆಗೆ ಅವಕಾಶ ಇದೆ.

ಮೂರನೆಯ ಬಾಗಿಲು: ಚರ್ಮ

ಇಲ್ಲಿ ಸುದ್ದಿ ಒಳ್ಳೆಯದು, ಹಾಗಾಗಿ ಚಿಕ್ಕದು. ಗಾಯವಿಲ್ಲದ ಚರ್ಮದ ಮೇಲಿನ ಸತ್ತ ಪದರವನ್ನು ದಾಟಿ ಟೈಟಾನಿಯಂ ಕಣಗಳು ಒಳಗಿನ ಜೀವಂತ ಪದರಕ್ಕೆ ಹೋಗುವುದು ಕಾಣುವುದಿಲ್ಲ. ಯುರೋಪಿನ ಸೌಂದರ್ಯವರ್ಧಕಗಳ ತಜ್ಞ ಸಮಿತಿ ಸನ್‌ಸ್ಕ್ರೀನ್‌ನಲ್ಲಿ ಶೇ. 25ರವರೆಗೆ ಇರಬಹುದು ಎಂದಿದೆ. ಬಿಸಿಲಿನಲ್ಲಿ ಈ ಕಣಗಳು ಕ್ರಿಯಾಶೀಲವಾಗುವುದರಿಂದ ಅವುಗಳಿಗೆ ಸಿಲಿಕಾ ಅಥವಾ ಅಲ್ಯುಮಿನಾದ ತೆಳು ಹೊದಿಕೆ ಕೊಡುತ್ತಾರೆ. ಬಿಸಿಲಿನಿಂದ ಆಗುವ ಹಾನಿ ಖಚಿತ, ಲೋಷನ್‌ನಿಂದ ಆಗುವುದು ಕಾಣದ್ದು. ಹಚ್ಚಿಕೊಳ್ಳಿ. ಸ್ಪ್ರೇ ಬೇಡ, ಯಾಕೆಂದರೆ ಅದು ಮೊದಲ ಬಾಗಿಲನ್ನು ತೆರೆಯುತ್ತದೆ.

ಪ್ರಯೋಗಾಲಯದಲ್ಲಿ ಜಾರುವ ಜಾಗಗಳು

ನ್ಯಾನೊ ಕಣದ ಪರೀಕ್ಷೆ ಕಷ್ಟ ಯಾಕೆಂದರೆ ಕಣ ಪರೀಕ್ಷೆಯನ್ನೇ ಕೆಡಿಸುತ್ತದೆ. ಜೀವಕೋಶ ಬದುಕಿದೆಯೇ ಸತ್ತಿದೆಯೇ ಎಂದು ನೋಡಲು ಬಣ್ಣ ಬದಲಾಗುವ ಒಂದು ಪರೀಕ್ಷೆ ಇದೆ. ಕಾರ್ಬನ್ ನ್ಯಾನೊಟ್ಯೂಬ್‌ಗಳು ಆ ಬಣ್ಣವನ್ನೇ ಹಿಡಿದಿಟ್ಟುಕೊಂಡು, ಬದುಕಿರುವ ಕೋಶವನ್ನೂ ಸತ್ತಂತೆ ತೋರಿಸಿದ ಉದಾಹರಣೆಗಳಿವೆ. ತಯಾರಿಕೆಯಲ್ಲಿ ಸೇರಿಕೊಂಡ ಬ್ಯಾಕ್ಟೀರಿಯಾದ ಅಂಶ ಉರಿಯೂತ ತಂದರೆ ಆ ದೂರು ಕಣದ ಮೇಲೆ ಬೀಳುತ್ತದೆ. ರಕ್ತಕ್ಕೆ ಬಿದ್ದ ತಕ್ಷಣ ಕಣದ ಸುತ್ತ ಪ್ರೋಟೀನ್ ಅಂಟಿಕೊಳ್ಳುತ್ತದೆ. ಜೀವಕೋಶ ನೋಡುವುದು ಆ ಪ್ರೋಟೀನಿನ ಹೊದಿಕೆಯನ್ನು, ಬಾಟಲಿಯಲ್ಲಿದ್ದ ಬರಿಯ ಕಣವನ್ನಲ್ಲ. ಹೀಗಾಗಿ ಯಾವುದಾದರೂ ಅಧ್ಯಯನ 'ನ್ಯಾನೊ ಕಣ ಕೋಶಗಳನ್ನು ಕೊಂದಿತು' ಎಂದರೆ ನಾನು ಮೊದಲು ನೋಡುವುದು ಎಷ್ಟು ಹಾಕಿದರು ಎಂಬುದನ್ನು. ಮನುಷ್ಯನ ಶ್ವಾಸಕೋಶಕ್ಕೆ ವರ್ಷವಿಡೀ ಬರುವುದಕ್ಕಿಂತ ಜಾಸ್ತಿಯನ್ನು ಒಂದೇ ಸಲ ತಟ್ಟೆಗೆ ಸುರಿದರೆ ಯಾವ ಪುಡಿಯೂ ಕೊಲ್ಲುತ್ತದೆ.

ಪ್ರತಿಯೊಂದು ಕಣಕ್ಕೂ, ಪ್ರತಿಯೊಂದು ಅಳತೆಗೂ, ಪ್ರತಿಯೊಂದು ಹೊದಿಕೆಗೂ ಬೇರೆ ಬೇರೆ ಪರೀಕ್ಷೆ ಮಾಡುತ್ತಾ ಹೋದರೆ ಮುಗಿಯುವುದೇ ಇಲ್ಲ. ಅದಕ್ಕೇ ಈಗ ಗುಂಪು ಮಾಡಿ ನೋಡುತ್ತಾರೆ. ಕರಗಿ ಅಯಾನು, ಅಂದರೆ ವಿದ್ಯುದಂಶ ಹೊತ್ತ ಪರಮಾಣು ಬಿಡುವವು (ಸತು, ಬೆಳ್ಳಿ), ಕರಗದೆ ಕೂರುವ ದುಂಡನೆಯವು, ಗಟ್ಟಿ ಎಳೆಯಂಥವು, ಮೇಲ್ಮೈಯೇ ಚುರುಕಾಗಿರುವವು. ಯಾವ ಗುಂಪು ಎಂದು ಗೊತ್ತಾದರೆ ಏನನ್ನು ಹುಡುಕಬೇಕು ಎಂಬುದು ಅರ್ಧ ಗೊತ್ತಾದಂತೆ.

ನಮ್ಮ ರೈತರ ಕೈಗೆ 2021ರಿಂದ ಬಂದಿರುವ ನ್ಯಾನೊ ಯೂರಿಯಾವನ್ನೂ ಹೀಗೇ ನೋಡಬಹುದು. ಅದರಿಂದ ಇಳುವರಿ ಎಷ್ಟು ಎಂಬ ವಾದ ಬೇರೆ. ಆರೋಗ್ಯದ ಮಟ್ಟಿಗೆ, ಯೂರಿಯಾ ನೀರಿನಲ್ಲಿ ಕರಗುತ್ತದೆ, ನಮ್ಮ ದೇಹವೇ ಅದನ್ನು ತಯಾರಿಸಿ ಮೂತ್ರದಲ್ಲಿ ಹೊರಹಾಕುತ್ತದೆ. ವರ್ಷಗಟ್ಟಲೆ ಶ್ವಾಸಕೋಶದಲ್ಲಿ ಕೂರುವ ಟೈಟಾನಿಯಂನ ಪ್ರಶ್ನೆ ಇದಕ್ಕೆ ಅನ್ವಯಿಸುವುದಿಲ್ಲ. ಕೇಳಬೇಕಾದದ್ದು, ಕಣವನ್ನು ಹಿಡಿದಿಡಲು ಬಾಟಲಿಯಲ್ಲಿ ಇನ್ನೇನು ಹಾಕಿದ್ದಾರೆ, ಬೆನ್ನಿಗೆ ಪಂಪು ಕಟ್ಟಿಕೊಂಡು ಸಿಂಪಡಿಸುವವರ ಮೂಗಿಗೆ ತುಂತುರು ಎಷ್ಟು ಹೋಗುತ್ತದೆ ಎಂದು. ಕೃಷಿ ಮತ್ತು ಆಹಾರದ ನ್ಯಾನೊ ಉತ್ಪನ್ನಗಳನ್ನು ಪರಿಶೀಲಿಸಲು ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2020ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಔಷಧಗಳದ್ದು 2019ರಲ್ಲಿ ಬಂದಿತ್ತು.

ಗಾಳಿಯಲ್ಲಿ ಎಷ್ಟಿದೆ ಎಂದು ತಿಳಿಯುವುದು

ಕಣ ಎಣಿಸುವ ಯಂತ್ರಗಳಿವೆ. ಆದರೆ ಯಂತ್ರಕ್ಕೆ ಕಾರ್ಖಾನೆಯ ಕಣ ಯಾವುದು, ರಸ್ತೆಯ ಡೀಸೆಲ್ ಹೊಗೆ ಯಾವುದು, ಪಕ್ಕದ ಕ್ಯಾಂಟೀನಿನ ಒಗ್ಗರಣೆ ಯಾವುದು ಎಂದು ಗೊತ್ತಾಗುವುದಿಲ್ಲ. ಅದಕ್ಕೇ ಕೆಲಸ ಶುರುವಾಗುವ ಮುಂಚೆ ಒಮ್ಮೆ, ನಡೆಯುವಾಗ ಒಮ್ಮೆ, ಯಂತ್ರದ ಬಳಿ ಒಮ್ಮೆ, ದೂರದಲ್ಲಿ ಒಮ್ಮೆ ಅಳೆಯುತ್ತಾರೆ. ಜೊತೆಗೆ ಕೆಲಸಗಾರರ ಕತ್ತಿನ ಬಳಿ ಫಿಲ್ಟರ್ ಕಟ್ಟಿ, ಅದರಲ್ಲಿ ಸಿಕ್ಕಿದ್ದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ.

ಹೀಗೆ ಅಳೆಯದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಚೀನಾದ ಒಂದು ಪ್ರಕರಣ ಇದೆ. ಪಾಲಿಅಕ್ರಿಲೇಟ್ ಎಂಬ ಪ್ಲಾಸ್ಟಿಕ್ ಜಾತಿಯ ಲೇಪ ಸಿಂಪಡಿಸುವ ಒಂದು ಕಡೆ ಕೆಲಸ ಮಾಡುತ್ತಿದ್ದ ಏಳು ಹೆಂಗಸರಿಗೆ ಶ್ವಾಸಕೋಶದ ತೀವ್ರ ಕಾಯಿಲೆ ಬಂತು. ಇಬ್ಬರು ತೀರಿಕೊಂಡರು. 2009ರಲ್ಲಿ ಇದು ವೈದ್ಯಕೀಯ ಪತ್ರಿಕೆಯಲ್ಲಿ ಬಂದಾಗ, ಅವರ ಶ್ವಾಸಕೋಶದಲ್ಲಿ ಸುಮಾರು 30 ನ್ಯಾನೊಮೀಟರಿನ ಕಣಗಳು ಸಿಕ್ಕವು ಎಂಬ ವರದಿ ಜಗತ್ತಿನಾದ್ಯಂತ ಸುದ್ದಿಯಾಯಿತು. ಸಾವಿಗೆ ನ್ಯಾನೊ ಕಣಗಳೇ ಕಾರಣವೇ? ಹೇಳುವುದು ಕಷ್ಟ. ಅಲ್ಲಿ ಗಾಳಿ ಹೊರಹಾಕುವ ಯಂತ್ರ ಕೆಟ್ಟು ತಿಂಗಳುಗಳಾಗಿದ್ದವು. ಬಿಸಿಯಾದ ಪ್ಲಾಸ್ಟಿಕ್ಕಿನ ಹಬೆ, ಬೇರೆ ರಾಸಾಯನಿಕಗಳು ಎಲ್ಲ ಅಲ್ಲೇ ಇದ್ದವು. ಅವರು ಕೆಲಸ ಮಾಡುತ್ತಿದ್ದಾಗ ಗಾಳಿಯಲ್ಲಿ ಏನಿತ್ತೆಂದು ಯಾರೂ ಅಳೆದಿರಲಿಲ್ಲ. ಆ ಹೆಂಗಸರಿಗೆ ಬೇಕಿದ್ದುದು ಕೆಲಸ ಮಾಡುವ ಒಂದು ಎಕ್ಸಾಸ್ಟ್ ಫ್ಯಾನ್ ಮತ್ತು ಸರಿಯಾದ ಮಾಸ್ಕ್. ಅದನ್ನು ಕೊಡಲು ನ್ಯಾನೊ ವಿಜ್ಞಾನ ಮುಂದುವರಿಯುವ ತನಕ ಕಾಯಬೇಕಿರಲಿಲ್ಲ.

ಭಾರತ 2007ರಲ್ಲಿ ನ್ಯಾನೊ ಮಿಷನ್ ಶುರುಮಾಡಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಂಥ ಕಡೆ ದಿನವೂ ಈ ಕಣಗಳು ತಯಾರಾಗುತ್ತವೆ. ದೊಡ್ಡ ಸಂಸ್ಥೆಗಳಿಗಿಂತ ನನಗೆ ಚಿಂತೆ ಇರುವುದು ಚಿಕ್ಕ ಕಾಲೇಜುಗಳ ಲ್ಯಾಬಿನಲ್ಲಿ ಪ್ರಾಜೆಕ್ಟ್ ಮಾಡುವ ಹುಡುಗ ಹುಡುಗಿಯರ ಬಗ್ಗೆ, ಪೇಂಟಿನ ಪುಡಿ ಚೀಲ ಬಿಚ್ಚುವ ಚಿಕ್ಕ ಘಟಕಗಳ ಕೆಲಸಗಾರರ ಬಗ್ಗೆ. ಕಣ ಗಾಳಿಗೆ ಏಳುವುದು ಹೆಚ್ಚಾಗಿ ಚೀಲ ಬಿಚ್ಚುವಾಗ, ತೂಗುವಾಗ, ಸುರಿಯುವಾಗ, ಪಾತ್ರೆ ಉಜ್ಜುವಾಗ, ನೆಲ ಗುಡಿಸುವಾಗ. ಒಣ ಪುಡಿಯ ಬದಲು ದ್ರವದಲ್ಲಿ ಬೆರೆಸಿದ್ದನ್ನು ತರಿಸಿಕೊಳ್ಳಿ. ತೂಗುವುದನ್ನು ಫ್ಯೂಮ್ ಹುಡ್‌ನ (ಗಾಳಿಯನ್ನು ಎಳೆದು ಹೊರಹಾಕುವ ಲ್ಯಾಬಿನ ಗೂಡು) ಒಳಗೆ ಮಾಡಿ. ಗುಡಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ.

ಮಾಸ್ಕ್ ಬಗ್ಗೆ ಒಂದು ತಪ್ಪು ತಿಳಿವಳಿಕೆ ಎಲ್ಲ ಕಡೆ ಇದೆ: ಇಷ್ಟು ಸಣ್ಣ ಕಣ ಮಾಸ್ಕಿನ ತೂತಿನಲ್ಲಿ ಸಲೀಸಾಗಿ ನುಸುಳುತ್ತದೆ ಎಂದು. ನಿಜ ಬೇರೆ ಇದೆ. ಇಪ್ಪತ್ತು ಮೂವತ್ತು ನ್ಯಾನೊಮೀಟರಿಗಿಂತ ಸಣ್ಣ ಕಣಗಳು ಗಾಳಿಯ ಅಣುಗಳ ಹೊಡೆತಕ್ಕೆ ಅತ್ತಿತ್ತ ಜಿಗಿಯುತ್ತಾ ಸಾಗುತ್ತವೆ, ಹಾಗೆ ಜಿಗಿಯುವಾಗ ಫಿಲ್ಟರಿನ ಎಳೆಗೆ ತಾಗಿ ಅಂಟಿಕೊಳ್ಳುತ್ತವೆ. ಕಣ ಸಣ್ಣದಾದಷ್ಟೂ ಸಿಕ್ಕಿಬೀಳುವುದು ಜಾಸ್ತಿ. ಒಳ್ಳೆಯ ಎನ್95 ಮಾಸ್ಕ್ ಇವನ್ನು ಚೆನ್ನಾಗಿಯೇ ತಡೆಯುತ್ತದೆ. ಕಣ ಒಳಗೆ ಬರುವುದು ಬಟ್ಟೆಯ ಮೂಲಕವಲ್ಲ, ಮೂಗಿನ ಪಕ್ಕದ, ಕೆನ್ನೆಯ ಕೆಳಗಿನ ಸಂದಿಯಿಂದ. ಚೀಲ ಬಿಚ್ಚುವ ಮುಂಚೆ ಮೂಗಿನ ಮೇಲಿನ ತಂತಿಯನ್ನು ಎರಡೂ ಕೈಯಿಂದ ಒತ್ತಿ ಕೂರಿಸಿ, ಜೋರಾಗಿ ಉಸಿರು ಬಿಟ್ಟು, ಅಂಚಿನಿಂದ ಗಾಳಿ ಬರುತ್ತಿದೆಯೇ ನೋಡಿ. ಬಂದರೆ ಮತ್ತೆ ಕೂರಿಸಿ.